ಎರಡು ಜವ ಕೂಡಿಸಿ ಎರಡರಿಂದ ಭಾಗಿಸಬೇಡಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗುವಾಗ ಕಾರಿನ ಜವ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ವಾಪಸ್ ಬರುವಾಗ 30. ಒಟ್ಟು ಪ್ರಯಾಣದ ಸರಾಸರಿ ಜವ ಎಷ್ಟು? ಪ್ರಥಮ ಪಿಯುಸಿಯಲ್ಲಿ ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಹಿಂದಿನ ಬೆಂಚಿನಿಂದ ಉತ್ತರ ಬಂದಿರುತ್ತದೆ: "ನಲವತ್ತೈದ್ರೀ ಸರ್!" ಪ್ರತಿ ವರ್ಷ ಹೊಸ ಹುಡುಗರು, ಅದೇ ನಲವತ್ತೈದು.

ಜವ ಯಾವುದು, ವೇಗ (ದಿಕ್ಕೂ ಸೇರಿದ ಜವ) ಯಾವುದು, ದೂರಕ್ಕೂ ಸ್ಥಾನಪಲ್ಲಟಕ್ಕೂ (ಹೊರಟಲ್ಲಿಂದ ತಲುಪಿದಲ್ಲಿಗೆ ನೇರ ಅಂತರ, ದಿಕ್ಕಿನ ಸಮೇತ) ಏನು ವ್ಯತ್ಯಾಸ ಅನ್ನುವುದನ್ನು ಇಲ್ಲಿ ಮತ್ತೆ ಉದ್ದಕ್ಕೆ ಹೇಳುವುದಿಲ್ಲ. ಅದು ಒಂಬತ್ತನೇ ತರಗತಿಯಲ್ಲೇ ಆಗಿದೆ, ಎಲ್ಲರಿಗೂ ಬಾಯಿಗೆ ಬರುತ್ತದೆ. ಸರಾಸರಿ ಜವ ಅಂದರೇನು ಅಂತ ಕೇಳಿ, "ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬೇಕು" ಅಂತ ಥಟ್ಟನೆ ಹೇಳುತ್ತಾರೆ. ಹೇಳಿದವರೇ ಪೆನ್ನು ಹಿಡಿದು 60ಕ್ಕೆ 30 ಕೂಡಿಸುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಸರಿ, ಹೇಳಿದ ಹಾಗೇ ಮಾಡಿ ನೋಡೋಣ. ಹೋಗಲು 20 ನಿಮಿಷ, ಬರಲು 40 ನಿಮಿಷ. ಒಟ್ಟು 40 ಕಿ.ಮೀ., ಒಂದು ಗಂಟೆ. ಸರಾಸರಿ ಜವ ಗಂಟೆಗೆ 40 ಕಿ.ಮೀ. ಅಷ್ಟೇ.

ಲೆಕ್ಕ ಒಪ್ಪುತ್ತಾರೆ, ಮನಸ್ಸು ಒಪ್ಪುವುದಿಲ್ಲ. ಉಳಿದ ಐದು ಎಲ್ಲಿ ಹೋಯಿತು ಅಂತ ಮುಖ ನೋಡುತ್ತಾರೆ. ಎಲ್ಲೂ ಹೋಗಿಲ್ಲಪ್ಪ. ಕಾರು 60ರಲ್ಲಿ ಓಡಿದ್ದು 20 ನಿಮಿಷ, 30ರಲ್ಲಿ ಓಡಿದ್ದು 40 ನಿಮಿಷ. ನಿಧಾನವಾಗಿ ಓಡಿದ ಹೊತ್ತೇ ಎರಡು ಪಟ್ಟು ಜಾಸ್ತಿ. ಹಾಗಿದ್ದಮೇಲೆ ಎರಡಕ್ಕೂ ಸಮಪಾಲು ಕೊಟ್ಟರೆ ಹೇಗೆ? ನಿಮಿಷಗಳ ಲೆಕ್ಕದಲ್ಲೇ ಸರಾಸರಿ ತೆಗೆಯಿರಿ: 60ನ್ನು 20ರಿಂದ ಗುಣಿಸಿ, 30ನ್ನು 40ರಿಂದ ಗುಣಿಸಿ, ಕೂಡಿಸಿ, 60 ನಿಮಿಷದಿಂದ ಭಾಗಿಸಿ. 40 ಬರುತ್ತದೆ. ಸರಾಸರಿ ಜವ ಕೇಳುವುದು ದಾರಿ ಎಷ್ಟು ತುಂಡಾಗಿದೆ ಅಂತ ಅಲ್ಲ, ಯಾವ ಜವದಲ್ಲಿ ಎಷ್ಟು ಹೊತ್ತು ಇದ್ದಿರಿ ಅಂತ.

ಇದು ತಲೆಗೆ ಹೋಗಿದೆಯೋ ಇಲ್ಲವೋ ಅಂತ ನೋಡಲು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ. ಹೋಗುವಾಗ 30ರಲ್ಲಿ ಹೋದಿರಿ. ಒಟ್ಟು ಸರಾಸರಿ 60 ಆಗಬೇಕಾದರೆ ವಾಪಸ್ ಎಷ್ಟರಲ್ಲಿ ಬರಬೇಕು? ಈ ಸಲದ ಉತ್ತರ 90. ಆಗಲಿ, 90ರಲ್ಲೇ ಬನ್ನಿ. 20 ಕಿ.ಮೀ.ಗೆ 13 ನಿಮಿಷ 20 ಸೆಕೆಂಡ್ ಬೇಕು. ಹೋಗಿದ್ದರ 40 ನಿಮಿಷ ಸೇರಿಸಿದರೆ ಸರಾಸರಿ ಎಷ್ಟು ಬರುತ್ತದೆ ಗೊತ್ತಾ? 45! ತಪ್ಪು ಉತ್ತರವಾಗಿ ಬರುತ್ತಿದ್ದ 45 ಇಲ್ಲಿ ಸರಿ ಉತ್ತರವಾಗಿ ಬಂದು ಕೂತಿರುತ್ತದೆ. 120ರಲ್ಲಿ ಬಂದರೆ 48. 300ರಲ್ಲಿ ಬಂದರೂ ಐವತ್ತೈದು ಮುಟ್ಟುವುದಿಲ್ಲ. 60 ಬರಬೇಕಾದರೆ 40 ಕಿ.ಮೀ.ಯನ್ನು 40 ನಿಮಿಷದಲ್ಲಿ ಮುಗಿಸಬೇಕು, ಆ 40 ನಿಮಿಷ ಹೋಗುವಾಗಲೇ ಖರ್ಚಾಗಿದೆ. ವಿಮಾನದಲ್ಲಿ ಬಂದರೂ ಆಗುವುದಿಲ್ಲ.

ಒಮ್ಮೆ ಪೋಷಕರ ಸಭೆಯಲ್ಲಿ ಒಬ್ಬರು ಮಗನ ಉತ್ತರ ಪತ್ರಿಕೆ ಹಿಡಿದು ಬಂದಿದ್ದರು. ಬಸ್ ಓಡಿಸುವವರು. ಅಂಕ ಯಾಕೆ ಹೋಯಿತು ಅಂತ ಇದೇ ಲೆಕ್ಕ ತೋರಿಸಿದೆ. ಸೂತ್ರದ ಕಡೆ ನೋಡಲೇ ಇಲ್ಲ ಅವರು. "ಅದು ಆಗೂದಿಲ್ ಬಿಡ್ರೀ ಸರ್. ನವಲೂರ ದಾಟೂದ್ರಾಗ ಟೈಮ್ ಹೋತಂದ್ರ ಹೋತು. ಮುಂದ ಎಷ್ಟ್ ಒತ್ತಿದ್ರೂ ಎರಡ್ ಮಿನಿಟ್ ಸಿಗತಾವ, ಅಷ್ಟ." ಮಗ ಪಕ್ಕದಲ್ಲೇ ನಿಂತಿದ್ದ. ಅವನಿಗೆ ನಾನು ವಾರವಿಡೀ ಹೇಳಿದ್ದು ಇಷ್ಟನ್ನೇ.

ಎಲ್ಲ ಪೋಷಕರೂ ಹೀಗಲ್ಲ, ಬಿಡಿ. ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಶುರುವಾದ 2023ರಲ್ಲಿ ಒಬ್ಬರು, "160ರ ಟ್ರೇನು, ಬೆಂಗಳೂರಿಂದ ಮೂರು ತಾಸಿನಾಗ ಬರಬೇಕಲ್ರೀ?" ಅಂತ ನನ್ನನ್ನೇ ತರಾಟೆಗೆ ತಗೊಂಡಿದ್ದರು, ನಾನೇ ಡ್ರೈವರ್ ಅನ್ನುವ ಹಾಗೆ. ಸುಮಾರು 490 ಕಿ.ಮೀ.ಗೆ ಆರೂವರೆ ತಾಸಿನ ಹತ್ತಿರ ಹಿಡಿದರೆ ಸರಾಸರಿ 75ರ ಆಸುಪಾಸು. ನಿಲ್ದಾಣದಲ್ಲಿ ನಿಂತ ಹೊತ್ತೂ ಒಟ್ಟು ಕಾಲದಲ್ಲಿ ಸೇರುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ "10 ನಿಮಿಷ ನಿಂತು" ಅಂತ ಇದ್ದರೆ ಅದನ್ನೂ ಸೇರಿಸಿ. ಸುಮ್ನೆ ಬರೆದಿರುವುದಿಲ್ಲ.

ಹಾಗಾದರೆ ಕೂಡಿಸಿ ಎರಡರಿಂದ ಭಾಗಿಸುವುದು ಯಾವಾಗಲೂ ತಪ್ಪೇ? ಅಲ್ಲ. ಎರಡು ಜವದಲ್ಲೂ ಸಮ ಹೊತ್ತು ಓಡಿದ್ದರೆ ಅದು ಸರಿ. ಮುಂದಿನ ಪಾಠದಲ್ಲಿ ಬರುವ "ಆರಂಭದ ವೇಗ, ಕೊನೆಯ ವೇಗ ಕೂಡಿಸಿ ಅರ್ಧ ಮಾಡು" ಅನ್ನುವ ಸೂತ್ರವೂ ಸರಿ, ಆದರೆ ವೇಗೋತ್ಕರ್ಷ (ವೇಗ ಬದಲಾಗುವ ದರ) ಸ್ಥಿರವಾಗಿದ್ದಾಗ ಮಾತ್ರ. ಈ ಷರತ್ತನ್ನು ಹುಡುಗರು ಕ್ಲಾಸಿನಲ್ಲೇ ಬಿಟ್ಟು ಸೂತ್ರ ಮಾತ್ರ ಮನೆಗೆ ಒಯ್ಯುತ್ತಾರೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ನೇರ ಟ್ರ್ಯಾಕು, ಒಂದೇ ದಿಕ್ಕು. ಸರಾಸರಿ ಸೆಕೆಂಡಿಗೆ 10.44 ಮೀಟರ್. 60ರಿಂದ 80 ಮೀಟರ್ ನಡುವಿನ 20 ಮೀಟರನ್ನು 1.61 ಸೆಕೆಂಡಿನಲ್ಲಿ ದಾಟಿದ, ಅಂದರೆ ಅಲ್ಲಿ 12.4ರ ಹತ್ತಿರ. ಸೊನ್ನೆಯಿಂದ ಹೊರಟ, 12.4 ಮುಟ್ಟಿದ, ಅರ್ಧ ಮಾಡಿ 6.2 ಅಂದರೆ ಅವನು 100 ಮೀಟರ್ ಮುಗಿಸಲು 16 ಸೆಕೆಂಡ್ ಬೇಕಾಗುತ್ತಿತ್ತು. ನಮ್ಮ ಕಾಲೇಜಿನ ಹುಡುಗರೂ ಅದಕ್ಕಿಂತ ಬೇಗ ಓಡುತ್ತಾರೆ.

ಇನ್ನು ಕೋಚಿಂಗಿನವರ ಶಾರ್ಟ್‌ಕಟ್: ಎರಡು ಜವಗಳ ಗುಣಲಬ್ಧದ ಎರಡು ಪಟ್ಟನ್ನು ಅವುಗಳ ಮೊತ್ತದಿಂದ ಭಾಗಿಸು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅವಸರ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಎರಡೂ ತುಂಡು ಸಮ ದೂರ ಇದ್ದರೆ ಮಾತ್ರ. 30 ಕಿ.ಮೀ.ಯನ್ನು 60ರಲ್ಲಿ, 10 ಕಿ.ಮೀ.ಯನ್ನು 30ರಲ್ಲಿ ಹೋದರೆ ಒಟ್ಟು 50 ನಿಮಿಷ, ಸರಾಸರಿ 48. ಶಾರ್ಟ್‌ಕಟ್ 40 ಅನ್ನುತ್ತದೆ. ಆ 40 ಕೂಡ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕಾಯುತ್ತಿರುತ್ತದೆ, ಅಲ್ವಾ?

ಸರಾಸರಿ ವೇಗದ ಕಥೆ ಬೇರೆ. ಅಲ್ಲಿ ಒಟ್ಟು ಕಾಲದಿಂದ ಭಾಗಿಸುವುದು ದೂರವನ್ನಲ್ಲ, ಸ್ಥಾನಪಲ್ಲಟವನ್ನು. ಧಾರವಾಡಕ್ಕೆ ಹೋಗಿ ಹುಬ್ಬಳ್ಳಿಗೇ ಬಂದರೆ ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗವೂ ಸೊನ್ನೆ. "ಮತ್ತ ಪೆಟ್ರೋಲ್ ಸುಟ್ಟದ್ದು ಏನಾತ್ರೀ?" ಅಂತ ಒಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಪೆಟ್ರೋಲಿನ ಲೆಕ್ಕ ಬೇಕಾದರೆ ದೂರ ನೋಡಬೇಕು, ಸ್ಥಾನಪಲ್ಲಟ ಅಲ್ಲ.

ಹೋಗಿ ಬಂದ ಲೆಕ್ಕ ಬೇಗ ಹಿಡಿಯುತ್ತಾರೆ. ಅರ್ಧದಲ್ಲಿ ತಿರುಗುವ ಲೆಕ್ಕದಲ್ಲಿ ಬೀಳುತ್ತಾರೆ. ಚೆಂಡನ್ನು ನೇರ ಮೇಲಕ್ಕೆ ಸೆಕೆಂಡಿಗೆ 30 ಮೀಟರಿನಂತೆ ಎಸೆದಿದ್ದೀರಿ. ಗುರುತ್ವದ ವೇಗೋತ್ಕರ್ಷ 10 ಅಂತ ಹಿಡಿಯಿರಿ, ಅಂದರೆ ಮೇಲ್ಮುಖ ವೇಗ ಪ್ರತಿ ಸೆಕೆಂಡಿಗೆ 10ರಷ್ಟು ಇಳಿಯುತ್ತದೆ; ಗಾಳಿಯ ತಡೆ ಬಿಡಿ. ಮೊದಲ 4 ಸೆಕೆಂಡಿನ ಸರಾಸರಿ ವೇಗ, ಸರಾಸರಿ ಜವ ಎಷ್ಟು? ನಾಲ್ಕನೇ ಸೆಕೆಂಡಿಗೆ ಚೆಂಡು 40 ಮೀಟರ್ ಎತ್ತರದಲ್ಲಿರುತ್ತದೆ. 40ನ್ನು 4ರಿಂದ ಭಾಗಿಸಿ ಎರಡಕ್ಕೂ 10 ಬರೆದುಬಿಡುತ್ತಾರೆ. ವೇಗಕ್ಕೆ 10 ಸರಿ, ಮೇಲ್ಮುಖವಾಗಿ. ಆದರೆ ಚೆಂಡು ಮೂರನೇ ಸೆಕೆಂಡಿಗೇ 45 ಮೀಟರ್ ಏರಿ, ಅಲ್ಲಿಂದ 5 ಮೀಟರ್ ಇಳಿದು ಬಂದಿದೆ. ಹಾದ ದೂರ 50, ಜವ 12.5.

ಕೂಡಿಸಿ ಅರ್ಧ ಮಾಡುವವರು ಇಲ್ಲೂ ಇರುತ್ತಾರೆ. ಆರಂಭದಲ್ಲಿ 30, ನಾಲ್ಕನೇ ಸೆಕೆಂಡಿನಲ್ಲಿ ಕೆಳಮುಖ 10. ಚಿಹ್ನೆ ಇಟ್ಟು ಕೂಡಿಸಿ ಅರ್ಧ ಮಾಡಿದರೆ 10, ವೇಗಕ್ಕೆ ಸರಿ, ಯಾಕೆಂದರೆ ವೇಗೋತ್ಕರ್ಷ ಸ್ಥಿರ. ಚಿಹ್ನೆ ಬಿಟ್ಟು ಅರ್ಧ ಮಾಡಿದರೆ 20, ಜವಕ್ಕೆ ಪೂರ್ತಿ ತಪ್ಪು. ನಾನಾದರೆ 45 ಮತ್ತು 5 ಬೇರೆ ಬೇರೆ ಬರೆದವರಿಗೆ ಕೊನೆಯ ಉತ್ತರ ತಪ್ಪಿದರೂ ಒಂದು ಅಂಕ ಕೊಡುತ್ತೇನೆ. ಎಲ್ಲ ಮೌಲ್ಯಮಾಪಕರೂ ಕೊಡುತ್ತಾರೆ ಅಂತ ಮಾತು ಕೊಡಲಾರೆ.

ಇದೇ ಚೆಂಡಿಗೆ ಮೊದಲ 5 ಸೆಕೆಂಡಿನ ಲೆಕ್ಕ ನೀವೇ ಮಾಡಿ ನೋಡಿ. ವೇಗ 5, ಜವ 13 ಬರಬೇಕು. ಎರಡೂ 5 ಬಂದರೆ ಚೆಂಡು ತಿರುಗಿದ್ದನ್ನು ಮರೆತಿದ್ದೀರಿ.