ಕೆಳಗೆ ಇಳಿಯದ ಕಣ್ಣು

ನಮ್ಮ ದೊಡ್ಡಪ್ಪ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಬಿಸಿನೀರಿನ ಬೇಸಿನ್‌ನಲ್ಲಿ ಕುಣಿಯುವ ಗೂಡುಗಳ ನಡುವೆ ಎಳೆ ಹುಡುಕಿ ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಅಂಥವರು ಒಂದು ದಿನ "ಎಳೆ ಸಿಗ್ತಾನೇ ಇಲ್ಲ ಕಣೋ" ಎಂದರು. ಅರವತ್ತು ದಾಟಿದೆ, ಕಣ್ಣು ಮಂಜಾಗಿರಬೇಕು ಅಂದುಕೊಂಡೆವು.

ಆಮೇಲೆ ಊಟದ ಹೊತ್ತಿಗೆ ಅಂಗಿ ಮೇಲೆಲ್ಲ ಸಾರು. "ತಟ್ಟೆ ನೋಡ್ಕೊಂಡು ತಿನ್ನಿ ಅಂದ್ರೆ ಕೇಳಲ್ಲ, ಎದುರುಗಡೆ ಗೋಡೆ ನೋಡ್ಕೊಂಡು ತಿಂತಾರೆ" ಎಂದು ದೊಡ್ಡಮ್ಮ ಬೈಯುತ್ತಿದ್ದರು. ಜಗಲಿ ಹತ್ತುವಾಗ ತೊಂದರೆ ಇಲ್ಲ, ಇಳಿಯುವಾಗ ಮೆಟ್ಟಿಲು ತಪ್ಪುತ್ತಿತ್ತು. ಎರಡು ಸಲ ಬಿದ್ದರು. ಎರಡು ಸಲವೂ ಹಿಂದಕ್ಕೇ, ಕಡಿದ ಮರದ ಹಾಗೆ.

ಕನ್ನಡಕ ಮೂರು ಸಲ ಬದಲಾಯಿತು. ಕೊನೆಯದು ಎರಡು ಪವರಿನದು. ಕೆಳಗಿನ ಅರ್ಧದಲ್ಲಿ ಓದಬೇಕಾದ ಆ ಕನ್ನಡಕ ಹಾಕಿದ ಮೇಲಂತೂ ಅವರ ಕಷ್ಟ ಇನ್ನೂ ಜಾಸ್ತಿಯಾಯಿತು. ಕ್ಯಾಂಪಿನಲ್ಲಿ ಪೊರೆ ತೆಗೆದರು. ಬೋರ್ಡಿನ ಅಕ್ಷರ ಕೊನೇ ಸಾಲಿನವರೆಗೂ ಓದಿದರು. ಮನೆಗೆ ಬಂದರೆ ಮತ್ತೆ ಅಂಗಿ ಮೇಲೆ ಸಾರು. ಕಣ್ಣು ಚೆನ್ನಾಗಿ ಕಾಣುತ್ತದೆ, ಆದರೆ ತಟ್ಟೆ ಕಾಣುವುದಿಲ್ಲ. ಇದೆಂಥ ಕಾಯಿಲೆ?

ಈ ಪ್ರಶ್ನೆಗೆ ಉತ್ತರ ಕಣ್ಣಿನಲ್ಲಿ ಇಲ್ಲ, ನಡುಮೆದುಳಿನಲ್ಲಿದೆ. ದೊಡ್ಡ ಮೆದುಳನ್ನು ಕೆಳಗಿನ ಭಾಗಗಳಿಗೆ ಸೇರಿಸುವ ಕಾಂಡ ಒಂದಿದೆಯಲ್ಲ, ಅದರ ಮೇಲ್ತುದಿಯ ತುಂಡು ಇದು. ಉದ್ದ ಸುಮಾರು ಎರಡು ಸೆಂಟಿಮೀಟರ್, ಅಂದರೆ ಹೆಬ್ಬೆರಳ ತುದಿಗಿಂತ ಚಿಕ್ಕದು. ಅಷ್ಟು ಸಣ್ಣ ಜಾಗದಲ್ಲಿ ಎಷ್ಟೊಂದು ಕೆಲಸ ನೋಡಿ. ಕಣ್ಣುಗುಡ್ಡೆ ತಿರುಗಿಸುವ ಆರು ಸ್ನಾಯುಗಳಲ್ಲಿ ನಾಲ್ಕನ್ನು ಮೂರನೇ ನರ ನಡೆಸುತ್ತದೆ, ಒಂದನ್ನು ನಾಲ್ಕನೇ ನರ. ಎರಡೂ ಹುಟ್ಟುವುದು ಇಲ್ಲೇ. ರೆಪ್ಪೆ ಎತ್ತುವುದು, ಬೆಳಕಿಗೆ ಪಾಪೆ ಚಿಕ್ಕದಾಗುವುದು ಕೂಡ ಮೂರನೇ ನರದ ಕೆಲಸ. ಎರಡೂ ಕಣ್ಣು ಜೊತೆಯಾಗಿ ಮೇಲೆ ಕೆಳಗೆ ಹೋಗಲಿ ಎಂದು ಅಪ್ಪಣೆ ಕೊಡುವ ಕೇಂದ್ರವೂ ಇಲ್ಲೇ ಇದೆ. ಎಡಕ್ಕೆ ಬಲಕ್ಕೆ ತಿರುಗಿಸುವ ಕೇಂದ್ರ ಮಾತ್ರ ಇನ್ನೂ ಕೆಳಗಿದೆ. ಇದರ ಜೊತೆಗೆ ಕೈಕಾಲಿಗೆ ಹೋಗುವ ತಂತುಗಳು, ಕೈಯ ಹಿಡಿತವನ್ನು ಹದದಲ್ಲಿಡುವ ಸಣ್ಣ ಮೆದುಳಿನ ತಂತುಗಳು, ಎಲ್ಲವೂ ಇದೇ ಇಕ್ಕಟ್ಟಿನಲ್ಲಿ ಹಾದು ಹೋಗುತ್ತವೆ. ಆದ್ದರಿಂದಲೇ ಇಲ್ಲಿ ಅವರೆಕಾಳಿನಷ್ಟು ಏಟಾದರೂ ಕಣ್ಣು ಮತ್ತು ಕೈಕಾಲು ಒಟ್ಟಿಗೇ ಕೆಡಬಹುದು.

ಇದನ್ನು ವೈದ್ಯರು ಕಂಡುಕೊಂಡದ್ದು ಯಾವ ಯಂತ್ರದಿಂದಲೂ ಅಲ್ಲ. ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಮೊದಲ ಬಾರಿ ಆಗಿದ್ದೇ 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ನೂರು ವರ್ಷ ಮೊದಲೇ, ಕಣ್ಣನ್ನು ಕಣ್ಣಿನಿಂದಲೇ ನೋಡಿ, ರೋಗಿ ಸತ್ತ ಮೇಲೆ ಮೆದುಳು ತೆರೆದು ಹೋಲಿಸಿ, ಒಂದೊಂದೇ ಗುರುತು ಹಾಕಿಕೊಂಡು ಬಂದರು.

1863ರಲ್ಲಿ ಲಂಡನ್ನಿನಲ್ಲಿದ್ದ ಜರ್ಮನ್ ಮೂಲದ ವೈದ್ಯ ಹರ್ಮನ್ ವೆಬರ್ ಒಬ್ಬ ರೋಗಿಯ ಬಗ್ಗೆ ಬರೆದರು. ಒಂದು ಕಡೆಯ ರೆಪ್ಪೆ ಜೋತುಬಿದ್ದಿತ್ತು, ಅದರ ಎದುರು ಕಡೆಯ ಕೈಕಾಲು ಬಿದ್ದುಹೋಗಿತ್ತು. ಮೆದುಳು ತೆರೆದಾಗ ನಡುಮೆದುಳಿನ ಒಂದು ಪಕ್ಕದಲ್ಲಿ ರಕ್ತಸ್ರಾವ. ಮೂರನೇ ನರ ತನ್ನ ಕಡೆಯ ಕಣ್ಣಿಗೇ ಹೋಗುತ್ತದೆ. ಕೈಕಾಲಿನ ತಂತುಗಳು ಮಾತ್ರ ಇನ್ನೂ ಕೆಳಗೆ ಹೋದ ಮೇಲೆ ಎದುರು ಕಡೆಗೆ ದಾಟುತ್ತವೆ. ಹಾಗಾಗಿ ಎಡಗಣ್ಣಿನ ಜೊತೆ ಬಲಗೈ. ನಮ್ಮ ಕಡೆ "ಲಕ್ವ ಹೊಡೆದಿದೆ" ಎಂದಾಗ ಎಲ್ಲರೂ ಕೈಕಾಲು ನೋಡುತ್ತಾರೆ, ರೆಪ್ಪೆಯ ಕಡೆ ಗಮನ ಹೋಗುವುದೇ ಇಲ್ಲ. ಆದರೆ ಏಟು ಬಿದ್ದ ಜಾಗ ಹೇಳುವುದು ಆ ರೆಪ್ಪೆ. ಮುಂದೆ 1889ರಲ್ಲಿ ವಿಯೆನ್ನಾದ ವೈದ್ಯ ಬೆನೆಡಿಕ್ಟ್, ರೆಪ್ಪೆ ಬಿದ್ದ ಕಡೆಗೆ ಎದುರಾದ ಕೈಯಲ್ಲಿ ನಡುಕ ಇರುವುದನ್ನು ಗುರುತಿಸಿದರು. 1912ರಲ್ಲಿ ಪ್ಯಾರಿಸ್ಸಿನ ಹೆನ್ರಿ ಕ್ಲೋಡ್ ಇನ್ನೊಂದು ಬಗೆ ತೋರಿಸಿದರು. ಅದರಲ್ಲಿ ಕೈಗೆ ಬಲ ಇರುತ್ತದೆ, ಹದ ಇರುವುದಿಲ್ಲ. ಲೋಟ ಹಿಡಿಯಲು ಹೋದ ಕೈ ತೂರಾಡುತ್ತದೆ.

ದೊಡ್ಡಪ್ಪನ ಕಥೆಗೆ ಹತ್ತಿರದ ಮಾತು ಹೇಳಿದವರು ಪ್ಯಾರಿಸ್ಸಿನ ಕಣ್ಣಿನ ವೈದ್ಯ ಹೆನ್ರಿ ಪಾರಿನೋ. ಒಂದು ಕಣ್ಣು ಕೆಟ್ಟು ಮೆಳ್ಳಗಣ್ಣಾಗುವುದು ಬೇರೆ, ಎರಡೂ ಕಣ್ಣು ಒಟ್ಟಿಗೇ ಮೇಲೆ ಅಥವಾ ಕೆಳಗೆ ಹೋಗಲು ಒಪ್ಪದಿರುವುದು ಬೇರೆ ಎಂದು ಅವರು 1883ರಲ್ಲಿ ವಾದಿಸಿದರು. ಎರಡನೆಯದರಲ್ಲಿ ಸ್ನಾಯು, ನರ ಸರಿಯಾಗಿಯೇ ಇರುತ್ತವೆ, ಅವುಗಳಿಗೆ ಮೇಲಿನಿಂದ ಅಪ್ಪಣೆ ಬರುತ್ತಿಲ್ಲ. ಬೋರ್‌ವೆಲ್ ನೆಚ್ಚಿಕೊಂಡ ನಮ್ಮ ಜಿಲ್ಲೆಯವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಮೋಟರ್ ಚೆನ್ನಾಗಿದೆ, ಕೇಬಲ್ ಚೆನ್ನಾಗಿದೆ, ಸ್ಟಾರ್ಟರ್ ಕೆಟ್ಟಿದೆ. ಮೋಟರ್ ಎತ್ತಿಸಿ ಎಷ್ಟು ರಿಪೇರಿ ಮಾಡಿಸಿದರೆ ಏನು ಬಂತು? ನಾವು ಮೂರು ಕನ್ನಡಕ ಮಾಡಿಸಿದ್ದು ಹಾಗೆಯೇ.

ಪಾರಿನೋ ಹೆಸರಿನ ತೊಂದರೆಯಲ್ಲಿ ಮುಖ್ಯವಾಗಿ ಕೆಡುವುದು ಮೇಲೆ ನೋಡುವುದು. ನಡುಮೆದುಳಿನ ಬೆನ್ನಿಗೆ ಅಂಟಿಕೊಂಡಂತಿರುವ ಪೀನಿಯಲ್ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಒತ್ತಿದರೆ ಹೀಗಾಗುತ್ತದೆ. ಟಾರ್ಚ್ ಬಿಟ್ಟರೆ ಪಾಪೆ ಚಿಕ್ಕದಾಗುವುದಿಲ್ಲ, ಮೂಗಿನ ಹತ್ತಿರ ಬೆರಳು ತಂದರೆ ಚಿಕ್ಕದಾಗುತ್ತದೆ. ಮೆದುಳಿನಲ್ಲಿ ನೀರು ತುಂಬಿಕೊಂಡ ಹಸುಗೂಸುಗಳಲ್ಲೂ ಕಣ್ಣು ಕೆಳಗೆ ಜಾರಿ, ಕರಿಗುಡ್ಡೆ ಅರ್ಧ ಕೆಳರೆಪ್ಪೆಯೊಳಗೆ ಮುಳುಗಿ, ಮೇಲೆ ಬಿಳಿ ಕಾಣುತ್ತದೆ. ವೈದ್ಯರು ಇದನ್ನು ಮುಳುಗುವ ಸೂರ್ಯನಿಗೆ ಹೋಲಿಸುತ್ತಾರೆ. ಮಗುವಿನ ತಲೆ ದಪ್ಪವಾಗುತ್ತಿದ್ದು ಕಣ್ಣು ಹೀಗೆ ಕಂಡರೆ ಒಂದು ದಿನವೂ ತಡ ಮಾಡಬಾರದು. ನೀರು ಇಳಿಸುವ ಆಪರೇಷನ್ ಇದೆ.

ಕಣ್ಣಿನ ಓಡಾಟ ನಿಲ್ಲಿಸುವ ಇನ್ನೊಂದು ಕಾಯಿಲೆಯೂ ಇದೆ. 1881ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಅಂಥ ಮೂವರು ರೋಗಿಗಳನ್ನು ವಿವರಿಸಿದ್ದರು. ಕಣ್ಣು ತಿರುಗುತ್ತಿಲ್ಲ, ನಡಿಗೆ ತೂರಾಟ, ಬುದ್ಧಿಗೆ ಮಂಕು. ಇಬ್ಬರು ಕುಡಿತದವರು. ಮೂರನೆಯವಳು ಗಂಧಕಾಮ್ಲ ಕುಡಿದು ವಾಂತಿಯಲ್ಲೇ ಬಳಲಿದ ಹೆಣ್ಣುಮಗಳು. ಕಾರಣ ಬಿ1 ಜೀವಸತ್ವದ ಕೊರತೆ ಎಂಬುದು ಗೊತ್ತಾಗಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಈ ಕಾಯಿಲೆಯ ಬಗ್ಗೆ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಇದಕ್ಕೆ ಔಷಧ ಇದೆ, ಅಗ್ಗವೂ ಇದೆ. ನಾವು ತಿನ್ನುವ ರಾಗಿಯಲ್ಲೇ ಬಿ1 ಇದೆ. ಆದರೆ ಊಟ ಬಿಟ್ಟು ಬರೀ ಕುಡಿಯುವವನಿಗೆ ಅದು ಎಲ್ಲಿಂದ ಸಿಗಬೇಕು? ಅಂಥವನು ತೂರಾಡಿದರೆ ಊರಿನವರು ಇನ್ನೂ ನಶೆ ಇಳಿದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಕಣ್ಣು ನೋಡಬೇಕು. ಕಣ್ಣು ಕದಲದೆ ನಿಂತಿದ್ದರೆ, ಇಲ್ಲವೇ ತಾನಾಗಿ ಅದುರುತ್ತಿದ್ದರೆ, ಗ್ಲೂಕೋಸ್ ಹಾಕುವ ಮುಂಚೆಯೇ ಬಿ1 ಇಂಜೆಕ್ಷನ್ ಬೀಳಬೇಕು. ಸಮಯಕ್ಕೆ ಬಿದ್ದರೆ ಕಣ್ಣು ಕೆಲವೇ ಗಂಟೆ, ದಿನಗಳಲ್ಲಿ ತಿರುಗತೊಡಗುತ್ತದೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಬಸುರಿಯರಿಗೆ ವಾರಗಟ್ಟಲೆ ವಾಂತಿ ನಿಲ್ಲದಿದ್ದಾಗಲೂ ಇದು ಬರುವುದುಂಟು.

ಇನ್ನು ದೊಡ್ಡಪ್ಪನ ಕಾಯಿಲೆ. ಅದಕ್ಕೆ ಹೆಸರು ಬಿದ್ದದ್ದು ಕೆನಡಾದ ಟೊರಾಂಟೊದಲ್ಲಿ. 1950ರ ದಶಕದಲ್ಲಿ ಅಲ್ಲಿನ ನರರೋಗ ತಜ್ಞ ಕ್ಲಿಫರ್ಡ್ ರಿಚರ್ಡ್‌ಸನ್ ಅವರ ಬಳಿ ಸ್ನೇಹಿತನೊಬ್ಬ ಬಂದ. ವ್ಯಾಪಾರ ವಹಿವಾಟಿನಲ್ಲಿದ್ದವನು. ನೋಡಲು ತೊಂದರೆ, ಕೈಕಾಲು ಸೋಲು, ಸ್ವಲ್ಪ ಮರೆವು. ದಿನ ಕಳೆದಂತೆ ಕಣ್ಣು ಮೇಲೆ ಕೆಳಗೆ ಹೋಗುವುದು ನಿಂತಿತು, ಕುತ್ತಿಗೆ ಸೆಟೆಯಿತು, ಮಾತು ತೊದಲಿತು. ಪುಸ್ತಕಗಳಲ್ಲಿದ್ದ ಯಾವ ಕಾಯಿಲೆಗೂ ಇದು ಹೊಂದಲಿಲ್ಲ. ರಿಚರ್ಡ್‌ಸನ್ ಇದನ್ನು ಮರೆಯಲಿಲ್ಲ. ಇಂಥದ್ದೇ ಇನ್ನೊಬ್ಬರು, ಮತ್ತೊಬ್ಬರು ಬರುತ್ತಾ ಹೋದರು. ಕಿರಿಯ ವೈದ್ಯ ಜಾನ್ ಸ್ಟೀಲ್ ಮತ್ತು ಮೆದುಳಿನ ಅಂಗಾಂಶ ಪರೀಕ್ಷಿಸುವ ಯೆರ್ಜಿ ಒಲ್ಶೆವ್‌ಸ್ಕಿ ಜೊತೆ ಸೇರಿ 1963ರಲ್ಲಿ ವೈದ್ಯರ ಸಭೆಯೊಂದರಲ್ಲಿ ವಿಷಯ ಮಂಡಿಸಿದರು. 1964ರಲ್ಲಿ ಒಂಬತ್ತು ರೋಗಿಗಳ ವಿವರದೊಂದಿಗೆ ಲೇಖನ ಬಂತು. ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಚಿಕ್ಕದಾಗಿ ಪಿ.ಎಸ್.ಪಿ. ಎಂದು ಹೆಸರಾಯಿತು. ಟೌ ಎಂಬ ಪ್ರೋಟೀನ್ ಗಂಟುಗಟ್ಟಿ ನಡುಮೆದುಳು ಮತ್ತು ಅದರ ಸುತ್ತಲಿನ ಜೀವಕೋಶಗಳು ಸಾಯುತ್ತಾ ಹೋಗುವುದು ಈ ಕಾಯಿಲೆಯ ಬೇರು.

ವೆಬರ್ ಲೇಖನದಿಂದ ಈ ಸಭೆಗೆ ಸರಿಯಾಗಿ ನೂರು ವರ್ಷ. ಅಷ್ಟೂ ಕಾಲ ಈ ಕಾಯಿಲೆಯವರು ಇರಲಿಲ್ಲವೇ? ಇದ್ದೇ ಇದ್ದರು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಎಂದೋ, ವಯಸ್ಸಾಯಿತು ಎಂದೋ ಬರೆಸಿಕೊಂಡು ಹೋದರು. ಈಗಲೂ ಪರಿಸ್ಥಿತಿ ಅಷ್ಟೇನೂ ಬದಲಾಗಿಲ್ಲ. ದೊಡ್ಡಪ್ಪನಿಗೂ ಒಂದು ಆಸ್ಪತ್ರೆಯಲ್ಲಿ ಪಾರ್ಕಿನ್ಸನ್ ಎಂದರು, ಮಾತ್ರೆ ಕೊಟ್ಟರು. ಒಂದು ವರ್ಷ ನುಂಗಿದರು. ನಡುಕ ಮೊದಲೇ ಇರಲಿಲ್ಲ, ಬೀಳುವುದು ನಿಲ್ಲಲಿಲ್ಲ. ಪಾರ್ಕಿನ್ಸನ್ ಆದವರು ಸಾಮಾನ್ಯವಾಗಿ ಮುಂದಕ್ಕೆ ಬಾಗಿ ನಡೆಯುತ್ತಾರೆ, ಬೀಳುವುದು ವರ್ಷಗಳ ಮೇಲೆ. ಇದರಲ್ಲಿ ಎದೆ ಸೆಟೆದುಕೊಂಡು ನಡೆಯುತ್ತಾರೆ, ಬೀಳುವುದು ಶುರುವಿನಲ್ಲೇ.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ನರರೋಗ ವೈದ್ಯೆ ನೋಡಿದರು. ಕಡತ ಬದಿಗಿಟ್ಟು ಎದುರು ಕೂತರು. "ಯಜಮಾನ್ರೇ, ತಲೆ ಅಲ್ಲಾಡಿಸಬೇಡಿ. ನನ್ನ ಬೆರಳು ಮಾತ್ರ ನೋಡಿ." ಬೆರಳು ಎಡಕ್ಕೆ ಹೋಯಿತು, ಕಣ್ಣೂ ಹೋಯಿತು. ಬಲಕ್ಕೂ ಹೋಯಿತು. ಬೆರಳು ಕೆಳಗಿಳಿಯಿತು. ಕಣ್ಣು ಅಲ್ಲೇ ನಿಂತಿತು. ದೊಡ್ಡಪ್ಪ ಪ್ರಯತ್ನ ಪಡುತ್ತಿರುವುದು ಹಣೆಯ ಗೆರೆಗಳಲ್ಲಿ ಕಾಣುತ್ತಿತ್ತು. ಆಮೇಲೆ ಅವರು ದೊಡ್ಡಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೂಗನ್ನೇ ನೋಡ್ತಾ ಇರಿ" ಎಂದು, ನಿಧಾನವಾಗಿ ಹಿಂದಕ್ಕೆ ಬಾಗಿಸಿದರು. ಆಗ ಕಣ್ಣು ಕೆಳಗಿಳಿಯಿತು! ಮೋಟರ್ ಓಡಿತು. ಕೆಟ್ಟದ್ದು ಸ್ಟಾರ್ಟರ್ರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಒಟ್ಟು ಎರಡು ನಿಮಿಷ ಹಿಡಿದಿರಬಹುದು. ನಾವು ಎರಡೂವರೆ ವರ್ಷ ಅಲೆದಿದ್ದೆವು.

ಎಂ.ಆರ್.ಐ.ಯಲ್ಲೂ ಸಿಕ್ಕಿತು. ಪಕ್ಕದಿಂದ ನೋಡಿದಾಗ ಸೊರಗಿದ ನಡುಮೆದುಳು ಉದ್ದ ಕೊಕ್ಕಿನ ಹಕ್ಕಿಯಂತೆ ಕಾಣುತ್ತದೆ. ವೈದ್ಯರು ಹಮ್ಮಿಂಗ್‌ಬರ್ಡ್ ಎನ್ನುತ್ತಾರೆ. ಆ ಹಕ್ಕಿ ನಮ್ಮ ದೇಶದ್ದಲ್ಲ, ನನಗೆ ಕಂಡದ್ದು ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿ.

ನರರೋಗ ಎಂದರೆ ಚಿಕ್ಕಬಳ್ಳಾಪುರ, ಕೋಲಾರದವರು ಬೆಂಗಳೂರಿನ ನಿಮ್ಹಾನ್ಸ್ ಬಸ್ಸು ಹತ್ತುವುದು ಇವತ್ತು ನಿನ್ನೆಯ ರೂಢಿಯಲ್ಲ. 1974ರಲ್ಲಿ ನಿಮ್ಹಾನ್ಸ್ ಈ ಹೆಸರಿನಲ್ಲಿ ಶುರುವಾದ ಮೇಲೆ ಅಲ್ಲಿನ ವೈದ್ಯರೇ ಗೌರಿಬಿದನೂರು, ಮಧುಗಿರಿಯಂಥ ಕಡೆ ಬಂದು ಕ್ಲಿನಿಕ್ ನಡೆಸಿದರು. ಅಲ್ಲಿಗೆ ಹೆಚ್ಚಾಗಿ ಬಂದವರು ಮೂರ್ಛೆರೋಗ, ಮಾನಸಿಕ ಕಾಯಿಲೆಯವರು. ನಿಮ್ಹಾನ್ಸ್ ತಂಡ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಲಕ್ಷಕ್ಕೂ ಮೀರಿದ ಜನರ ಮನೆಮನೆ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿತು. ನರರೋಗಗಳು ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಂಡವು. ವೈದ್ಯರು ಇರುವುದು ಪಟ್ಟಣದಲ್ಲಿ, ಕಾಯಿಲೆ ಇರುವುದು ಹಳ್ಳಿಯಲ್ಲಿ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮೆದುಳು ಆರೋಗ್ಯ ಯೋಜನೆ ತಂದಾಗ ಮೊದಲು ಆರಿಸಿಕೊಂಡ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಇದು ನಿಜವಾಗಿ ದೊಡ್ಡ ಹೆಜ್ಜೆ. ಜಿಲ್ಲಾಸ್ಪತ್ರೆಯಲ್ಲೇ ಕಣ್ಣಿನ ಮುಂದೆ ಬೆರಳು ಆಡಿಸಿ ನೋಡುವವರಿದ್ದರೆ ಎಷ್ಟೋ ಮನೆಗಳ ಅಲೆದಾಟ ತಪ್ಪುತ್ತದೆ.

ನಮ್ಮ ಸೀಮೆಯಲ್ಲಿ ದಾರಿ ತಪ್ಪಲು ಬೇರೆ ಕಾರಣಗಳೂ ಇವೆ. ಪಾವಗಡ, ಬಾಗೇಪಲ್ಲಿ ಕಡೆ ಯಾರಾದರೂ ಸೆಟೆದು ನಡೆದರೆ ಮೊದಲು ನೆನಪಾಗುವುದು ನೀರಿನ ಫ್ಲೋರೈಡ್. ಅದು ತಪ್ಪಲ್ಲ, ಫ್ಲೋರೈಡ್ ಮೂಳೆ ಬೆಳೆಸಿ ಬೆನ್ನುಹುರಿ ಒತ್ತುವುದುಂಟು. ಆದರೆ ಅದು ಕಣ್ಣಿನ ಓಡಾಟ ನಿಲ್ಲಿಸುವುದಿಲ್ಲ. ವಾಂತಿ ನಿಲ್ಲಿಸುವ ಕೆಲವು ಔಷಧ ಕೊಟ್ಟ ಮೇಲೆ ಹುಡುಗರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕುತ್ತಿಗೆ ತಿರುಚಿಕೊಂಡರೆ "ಗಾಳಿ ಸೋಕಿದೆ" ಎಂದು ತಾಯತ ಕಟ್ಟಿಸುತ್ತಾರೆ. ಅದು ಔಷಧದ ಅಡ್ಡಪರಿಣಾಮ, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇಳಿಯುತ್ತದೆ. ಶಾಲೆಗೆ ಹೋಗುವ ಮಗು ಮೆಟ್ಟಿಲಲ್ಲಿ ಎಡವುತ್ತಾ, ಓದಿನಲ್ಲಿ ಹಿಂದೆ ಬೀಳುತ್ತಾ, ಕೆಳಗೆ ನೋಡಲು ತಲೆಯನ್ನೇ ಜಾಡಿಸುತ್ತಿದ್ದರೆ ನೀಮನ್-ಪಿಕ್ ಸಿ ಎಂಬ ಅಪರೂಪದ ವಂಶವಾಹಿ ಕಾಯಿಲೆ ಇರಬಹುದು. ಅದರ ಮುಖ್ಯ ಜೀನ್ ಗೊತ್ತಾದದ್ದು 1997ರಲ್ಲಿ. ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಇಂಥ ಕಾಯಿಲೆಗೆ ಅವಕಾಶ ಜಾಸ್ತಿ.

ಇದ್ದಕ್ಕಿದ್ದಂತೆ ರೆಪ್ಪೆ ಬಿದ್ದು, ಎರಡೆರಡು ಕಂಡು, ಕೈ ತೂರಾಡಿದರೆ ಅದು ಸ್ಟ್ರೋಕ್ ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ಅಂಥ ಹೊತ್ತಿನಲ್ಲಿ ಚಿಂತಾಮಣಿಯಿಂದ ಬೆಂಗಳೂರಿನ ಟ್ರಾಫಿಕ್ ದಾಟುವುದು ಸುಮ್ನೆ ಮಾತಲ್ಲ. ವಾರಗಳಲ್ಲಿ ನಿಧಾನವಾಗಿ ಬಂದರೆ ಕ್ಷಯದ ಗಂಟೋ, ಲಾಡಿಹುಳದ ಮರಿಯೋ ನಡುಮೆದುಳಲ್ಲಿ ಕೂತಿರಬಹುದು. ಇವೆರಡಕ್ಕೂ ಔಷಧ ಇದೆ.

ಪಿ.ಎಸ್.ಪಿ.ಗೆ ಮಾತ್ರ ಇಲ್ಲ. ವೈದ್ಯೆ ಅದನ್ನು ಮುಚ್ಚಿಡಲಿಲ್ಲ. ನುಂಗುವುದು ಕಷ್ಟವಾಗುತ್ತದೆ, ಊಟ ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳಿ, ಬೀಳದಂತೆ ನೋಡಿಕೊಳ್ಳಿ ಎಂದರು. ಎರಡು ಪವರಿನ ಕನ್ನಡಕ ತೆಗೆಸಿ, ಓದಲು ಬೇರೆ, ನಡೆಯಲು ಬೇರೆ ಬರೆಸಿದರು. ಜಗಲಿಗೆ ಕಬ್ಬಿಣದ ಕಂಬಿ ಹಾಕಿಸಿದೆವು, ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಹೊಡೆಸಿದೆವು. ದೊಡ್ಡಮ್ಮ ಅಟ್ಟದ ಮೇಲಿದ್ದ ಹಳೇ ಮರದ ಪೆಟ್ಟಿಗೆ ಇಳಿಸಿ, ಮೇಜಿನ ಮೇಲಿಟ್ಟು, ಅದರ ಮೇಲೆ ತಟ್ಟೆ ಇಟ್ಟರು. ತಟ್ಟೆ ಈಗ ದೊಡ್ಡಪ್ಪನ ಎದೆಯ ಮಟ್ಟಕ್ಕೆ ಬಂತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಇವತ್ತು ಬಸ್ಸಾರಾ?" ಎಂದರು. ಮುದ್ದೆ ಮುರಿದು ಅದ್ದಿಕೊಂಡರು. ದೊಡ್ಡಮ್ಮ ಏನೂ ಹೇಳದೆ ಇನ್ನೊಂದು ಸೌಟು ಸಾರು ಬಡಿಸಿದರು.