ಟಿವಿಯಲ್ಲಿ ಗಿಡ ಸಾಯುವುದನ್ನೂ ತೋರಿಸಿ

ಕೈತೋಟದ ಕಾರ್ಯಕ್ರಮ ಮಾಡುವವರು ನನ್ನಂಥವರನ್ನು ಕಂಡಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ನಮ್ಮದನ್ನ ನೋಡೋರೆಲ್ಲ ವಯಸ್ಸಾದವರೇ. ಹುಡುಗ್ರು, ಹೊಸಬ್ರು ನೋಡೋ ಹಾಗೆ ಮಾಡ್ಬೇಕು. ಏನ್ ಮಾಡೋಣ?"

ತಾರಸಿ ತೋಟ ಕಲಿಸುವುದು ನನ್ನ ಕೆಲಸ. ವಾರಪೂರ್ತಿ ಹೊಸಬರ ಜೊತೆಯಲ್ಲೇ ಇರುತ್ತೇನೆ. ಹಾಗಾಗಿ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಹೊಸಬರಿಗಾಗಿ ಕಾರ್ಯಕ್ರಮ ಖಂಡಿತ ಬೇಕು. ಆದರೆ ಹೊಸಬರಿಗೆ ಅಂತ ಹೇಳಿ ಈಗ ತೋರಿಸುತ್ತಿರುವುದರಲ್ಲಿ ಬಹುಪಾಲು ಅವರ ಕೈ ಹಿಡಿಯುವುದಿಲ್ಲ.

ಮೊದಲನೆಯದಾಗಿ, ಹುಡುಗರು ಬೇರೆ, ಹೊಸಬರು ಬೇರೆ. ಟಿವಿಯವರು ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ನನ್ನ ತರಗತಿಗೆ ಬರುವ ಹೊಸಬರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಮಕ್ಕಳು ಹೊರದೇಶಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮಂದಿರಿದ್ದಾರೆ. ಅರವತ್ತು ದಾಟಿದ್ದರೂ ಒಂದು ಮೆಣಸಿನ ಸಸಿ ನೆಟ್ಟು ಗೊತ್ತಿರುವುದಿಲ್ಲ. ಇನ್ನೊಂದು ಕಡೆ ಇಪ್ಪತ್ತೈದರ ಹುಡುಗರು ಆರ್ಕಿಡ್ ಬಗ್ಗೆ ನನಗೇ ಪಾಠ ಹೇಳುವಷ್ಟು ತಿಳಿದುಕೊಂಡಿದ್ದಾರೆ. ಹೊಸಬರಿಗೆ ಬೇಕಾದದ್ದು ಬುಡದಿಂದ ಹೇಳಿಕೊಡುವುದು. ಹುಡುಗರಿಗೆ ಬೇಕಾದದ್ದು ಅವರ ಪರಿಸ್ಥಿತಿಗೆ ಹೊಂದುವ ತೋಟ.

ಆ ಪರಿಸ್ಥಿತಿ ಏನು ಅಂತ ಸ್ವಲ್ಪ ನೋಡಿ. ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗಿ ಬಾಡಿಗೆ ಮನೆಯಲ್ಲಿರುತ್ತಾಳೆ. ಅಗ್ರಿಮೆಂಟು ಹನ್ನೊಂದು ತಿಂಗಳದ್ದು. ಬಾಲ್ಕನಿಗೆ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಕುಂಡದಿಂದ ನೀರು ಕೆಳಗಿನ ಮನೆಗೆ ಸೋರಿದರೆ ಓನರ್ ಬಂದು ನಿಲ್ಲುತ್ತಾರೆ. ಮಣ್ಣು ತರಲು ಗಾಡಿ ಇಲ್ಲ. ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇವಳಿಗೆ ಅರ್ಧ ಎಕರೆ ತೋಟದಲ್ಲಿ ನಿಂತು ಮಾವಿನ ಕಸಿ ತೋರಿಸಿದರೆ ಏನು ಪ್ರಯೋಜನ? ಆ ಎರಡು ಗಂಟೆ ಬಿಸಿಲಲ್ಲಿ ಪುದೀನ ಬರುತ್ತದೆ, ದೊಡ್ಡಪತ್ರೆ ಬರುತ್ತದೆ, ಟೊಮೆಟೊ ಕಾಯಿ ಕಚ್ಚುವುದಿಲ್ಲ ಅಂತ ನೇರವಾಗಿ ಹೇಳಬೇಕು. ಮನೆ ಬದಲಿಸುವಾಗ ಆಟೋದಲ್ಲಿ ಹೋಗುವಷ್ಟು ಹಗುರದ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ, ಯಾವುದು, ತಟ್ಟೆಯಲ್ಲಿ ನಿಂತ ನೀರನ್ನು ಯಾಕೆ ಚೆಲ್ಲಬೇಕು, ಇದನ್ನು ತೋರಿಸಬೇಕು. ಹುಡುಗರನ್ನು ಸೆಳೆಯುವುದು ಅಂದರೆ ಇಷ್ಟೇ. ಹಿನ್ನೆಲೆಗೆ ಜೋರು ಸಂಗೀತ, ನಿರೂಪಕಿಗೆ ಹೊಸ ಜೀನ್ಸ್, ನಾಲ್ಕು ಸೆಕೆಂಡಿಗೊಮ್ಮೆ ಬದಲಾಗುವ ದೃಶ್ಯ, ಇವುಗಳಿಂದ ಯಾರೂ ಒಂದು ಕಟ್ಟು ಸೊಪ್ಪು ಬೆಳೆದದ್ದು ನಾನು ಕಂಡಿಲ್ಲ.

ಈ ಚರ್ಚೆ ತುಂಬ ಜೋರಾಗಿ ನಡೆದದ್ದು ಬ್ರಿಟನ್ನಿನಲ್ಲಿ. ಬಿಬಿಸಿಯ 'ಗಾರ್ಡನರ್ಸ್ ವರ್ಲ್ಡ್' 1968ರಿಂದ ಬರುತ್ತಿರುವ ಕಾರ್ಯಕ್ರಮ. ಅಲ್ಲಿನವರಿಗೆ ಶುಕ್ರವಾರದ ಸಂಜೆ ಅಂದರೆ ಅದೇ. 1979ರಿಂದ 1996ರವರೆಗೆ ಅದನ್ನು ನಡೆಸಿಕೊಟ್ಟ ಜೆಫ್ ಹ್ಯಾಮಿಲ್ಟನ್ ಅವರನ್ನು ಅಲ್ಲಿನ ಜನ ಇವತ್ತಿಗೂ ನೆನೆಯುತ್ತಾರೆ. ಅವರು ರಟ್ಲೆಂಡ್‌ನ ಬಾರ್ನ್ಸ್‌ಡೇಲ್‌ನಲ್ಲಿ ತಮ್ಮ ಸ್ವಂತ ತೋಟದಲ್ಲೇ ನಿಂತು ಹೇಳಿಕೊಡುತ್ತಿದ್ದರು. ದುಬಾರಿ ಸಾಮಾನು ಕೊಳ್ಳುವ ಬದಲು ಹಳೆ ಮರದ ತುಂಡುಗಳಲ್ಲಿ ಅದನ್ನೇ ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ ಅಂತ ತೋರಿಸುತ್ತಿದ್ದರು. ಅವರ ಕಾರ್ಯಕ್ರಮವನ್ನು ಯಾರೂ 'ಹೊಸಬರ ಕಾರ್ಯಕ್ರಮ' ಅಂತ ಕರೆಯಲಿಲ್ಲ. ಆದರೂ ಕೈಯಲ್ಲಿ ಕಾಸಿಲ್ಲದ ಹೊಸಬರಿಗೆ ಅದರಷ್ಟು ಒದಗಿಬಂದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ ಅವಸರದ ಕಾಲ ಬಂತು. 1997ರಲ್ಲಿ ಶುರುವಾದ 'ಗ್ರೌಂಡ್ ಫೋರ್ಸ್' ಎಂಬ ಕಾರ್ಯಕ್ರಮದಲ್ಲಿ ಮನೆಯವರು ಹೊರಗೆ ಹೋಗಿ ಬರುವಷ್ಟರಲ್ಲಿ ಹಿತ್ತಲು ಪೂರ್ತಿ ಬದಲಾಗಿರುತ್ತಿತ್ತು. ಮರದ ಹಲಗೆಯ ನೆಲ, ನೀರಿನ ಕಾರಂಜಿ, ಹೂ ತುಂಬಿದ ಗಿಡಗಳು. ತೋಟದ ಕಡೆ ತಿರುಗಿಯೂ ನೋಡದವರು ನೋಡಿದರು. ಅದು ಒಳ್ಳೆಯದೇ. ಆದರೆ ಕೊಂಡು ತಂದು ಇಟ್ಟ ಗಿಡಗಳು ಮುಂದಿನ ವರ್ಷ ಏನಾದವು ಅನ್ನುವುದು ಆ ಬಗೆಯ ಕಾರ್ಯಕ್ರಮಕ್ಕೆ ಮುಖ್ಯ ಅಲ್ಲ. ಹೊಸಬರಿಗೆ ಬೇಕಾಗಿರುವುದು ಮಾತ್ರ ಅದೇ.

2009ರಲ್ಲಿ 'ಗಾರ್ಡನರ್ಸ್ ವರ್ಲ್ಡ್' ಬರ್ಮಿಂಗ್‌ಹ್ಯಾಮ್‌ನಲ್ಲಿ ಖಾಲಿ ಮೈದಾನವೊಂದರಲ್ಲಿ ಹೊಸದಾಗಿ ತೋಟ ಕಟ್ಟಲು ಹೊರಟಿತು. ಕಾರ್ಯಕ್ರಮದ ಧಾಟಿಯೂ ಬದಲಾಯಿತು. ತೀರಾ ಬಾಲಬೋಧೆ ಆಯಿತು ಅಂತ ಹಳೆಯ ವೀಕ್ಷಕರು ಸಿಟ್ಟಾದರು. ಬಹಳ ದಿನ ಆ ತೋಟ ನಿಲ್ಲಲಿಲ್ಲ. ಹಿಂದೆ ಈ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಮಾಂಟಿ ಡಾನ್ 2011ರಲ್ಲಿ ಮತ್ತೆ ಬಂದರು. ಈ ಸಲ ಹೆರೆಫರ್ಡ್‌ಶೈರ್‌ನ ತಮ್ಮ ಮನೆಯ ತೋಟದಿಂದಲೇ. ಹಳೇ ಕೋಟು, ಜೊತೆಗೊಂದು ನಾಯಿ, ನಿಧಾನದ ಮಾತು. ಹುಡುಗರಿಗೆ ಅಂತ ಒಂದು ಸಿಂಗಾರವೂ ಇಲ್ಲ. ಆದರೂ 2020ರ ಲಾಕ್‌ಡೌನಿನಲ್ಲಿ ಜನ ತಮ್ಮ ತಮ್ಮ ತೋಟದ ವಿಡಿಯೋ ತಾವೇ ತೆಗೆದು ಆ ಕಾರ್ಯಕ್ರಮಕ್ಕೆ ಕಳಿಸಿದರು.

ಇದರಿಂದ 'ಹೊಸಬರ ತಂಟೆ ಬೇಡ, ಪಳಗಿದವರಿಗೇ ಮಾಡಿ' ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನ ಬೇಜಾರು ಮಾಡಿಕೊಂಡಿದ್ದು ಸುಲಭ ಮಾಡಿ ಹೇಳಿದ್ದಕ್ಕಲ್ಲ, ಸತ್ವ ಕಳೆದು ಹೇಳಿದ್ದಕ್ಕೆ. ಇವೆರಡಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಕೊಡುತ್ತೇನೆ.

ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಡುವ ವಿಡಿಯೋ ನೀವೂ ನೋಡಿರುತ್ತೀರಿ, ಅಲ್ವಾ? ಮೊಬೈಲಲ್ಲಿ ಓಡಾಡುತ್ತಿರುವ ಇಂಥವನ್ನು ಟಿವಿಯವರೂ ಎತ್ತಿಕೊಳ್ಳುತ್ತಾರೆ. ಮೊದಲ ದೃಶ್ಯದಲ್ಲಿ ಕಡ್ಡಿ ಚುಚ್ಚುತ್ತಾರೆ. ಎರಡನೆಯದರಲ್ಲಿ 'ಹತ್ತು ದಿನದ ನಂತರ' ಅಂತ ಕೆಂಪನೆಯ ಚಿಗುರು. ಅಲ್ಲಿಗೆ ವಿಡಿಯೋ ಮುಗಿಯಿತು. ನೋಡಿದವರು ಮನೆಯಲ್ಲಿ ಮಾಡುತ್ತಾರೆ. ಅವರಿಗೂ ಚಿಗುರು ಬರುತ್ತದೆ. ಮೂರನೇ ವಾರ ಚಿಗುರು ಬಾಡಿ ಕಡ್ಡಿ ಕಪ್ಪಾಗುತ್ತದೆ. "ನನ್ನ ಕೈಯಲ್ಲಿ ಗಿಡ ಬರಲ್ಲ ಮೇಡಂ" ಅಂತ ನನ್ನ ಹತ್ತಿರ ಬರುತ್ತಾರೆ. ಎಷ್ಟು ಜನ ಹೀಗೆ ಬಂದು ಹೇಳಿದಾಗ ನನಗೆ ಹೊಟ್ಟೆ ಉರಿದಿದೆ.

ತಪ್ಪು ಅವರ ಕೈಯದಲ್ಲ. ಕಡ್ಡಿಯೊಳಗೆ ಕೂಡಿಟ್ಟ ಆಹಾರ ಇರುತ್ತದೆ. ಆ ಬಲದಲ್ಲೇ ಗೆಣ್ಣಿನಿಂದ ಚಿಗುರು ಹೊರಡುತ್ತದೆ. ಚಿಗುರು ಬಂತು ಅಂದರೆ ಬೇರು ಬಂತು ಅಂತ ಅರ್ಥ ಅಲ್ಲ. ಎಲೆ ಬಿಚ್ಚಿದ ಮೇಲೆ ನೀರು ಆವಿಯಾಗುತ್ತದೆ, ಕೆಳಗಿನಿಂದ ನೀರು ಎಳೆದುಕೊಡಲು ಬೇರಿಲ್ಲ, ಕಡ್ಡಿ ಒಣಗುತ್ತದೆ. ಆಲೂಗಡ್ಡೆಯಿಂದ ಬೇರಿಗೆ ಏನೂ ಸಹಾಯವಿಲ್ಲ. ಒದ್ದೆ ಮಣ್ಣಿನಲ್ಲಿ ಅದು ಕೊಳೆಯುತ್ತದೆ, ಜೊತೆಗೆ ಕಡ್ಡಿಯ ಬುಡವನ್ನೂ ಕೊಳೆಸುತ್ತದೆ. ಪೆನ್ಸಿಲ್ ದಪ್ಪದ, ಬಲಿತ ಕಡ್ಡಿಯನ್ನು ಆರರಿಂದ ಎಂಟು ಇಂಚು ಕತ್ತರಿಸಿ, ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕೊಯ್ದು, ಕೆಳಗಿನ ಎಲೆ ತೆಗೆದು, ನೀರು ನಿಲ್ಲದ ಮರಳು ಮಿಶ್ರಣದಲ್ಲಿ ನೆರಳಲ್ಲಿ ಇಟ್ಟರೆ ಸಾಕು. ಮಳೆಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಒಂದು ತಿಂಗಳು ಅಲುಗಾಡಿಸಬಾರದು. ಹತ್ತು ಕಡ್ಡಿ ನೆಟ್ಟರೆ ಹತ್ತೂ ಬರುವುದಿಲ್ಲ. ನಮಗೂ ಬರುವುದಿಲ್ಲ.

ಟಿವಿಗೆ ಬೇಕಾದ ದೃಶ್ಯ ಇಲ್ಲೇ ಇದೆ. ಹತ್ತು ಕಡ್ಡಿ ನೆಡಲಿ. ವಾರಕ್ಕೊಂದನ್ನು ಕಿತ್ತು ಬುಡವನ್ನು ಕ್ಯಾಮೆರಾಕ್ಕೆ ಹಿಡಿಯಲಿ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಕೊಯ್ದ ಜಾಗ ಗಂಟುಗಂಟಾಗಿ ಬೆಳ್ಳಗೆ ಉಬ್ಬಿರುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ದಾರದ ಎಳೆಯಂಥ ಬೇರು. ಚಿಗುರಿದ್ದೂ ಬೇರಿಲ್ಲದ ಒಂದು ಕಡ್ಡಿ ಅದರ ಪಕ್ಕದಲ್ಲೇ. ಇದು ಸುಲಭವೂ ಹೌದು, ಸತ್ವವೂ ಇದೆ. ಇಪ್ಪತ್ತು ವರ್ಷ ಗುಲಾಬಿ ಬೆಳೆದವರೂ ಕುರ್ಚಿಯಿಂದ ಮುಂದೆ ಬಗ್ಗಿ ನೋಡುತ್ತಾರೆ. ಕಿತ್ತು ನೋಡುವ ಧೈರ್ಯ ಅವರೂ ಮಾಡಿರುವುದಿಲ್ಲ.

ನೀರಿನ ವಿಷಯವೂ ಹಾಗೇ. ಹೊಸಬರ ಕುಂಡದಲ್ಲಿ ಗಿಡ ಸಾಯುವುದು ಹೆಚ್ಚಾಗಿ ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಆಗ ಗಿಡ ಜೋತು ಬೀಳುತ್ತದೆ. ನೀರಿಲ್ಲದಾಗಲೂ ಗಿಡ ಜೋತು ಬೀಳುವುದು ಹೀಗೇ. ಹೊಸಬರು ನೋಡಿ 'ಅಯ್ಯೋ ಪಾಪ' ಅಂತ ಇನ್ನೊಂದು ಚೊಂಬು ಹಾಕುತ್ತಾರೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ಕುಂಡದಲ್ಲಂತೂ ಮೇಲ್ಪದರ ಬೇಗ ಒಣಗಿ ತಿಳಿ ಬಣ್ಣಕ್ಕೆ ತಿರುಗುತ್ತದೆ, ಎರಡು ಇಂಚು ಕೆಳಗೆ ಒದ್ದೆಯೇ ಇರುತ್ತದೆ. 'ದಿನಾ ಒಂದು ಲೋಟ ನೀರು ಹಾಕಿ' ಅಂತ ಹೇಳುವ ಕಾರ್ಯಕ್ರಮ ಹೊಸಬರಿಗೆ ಅನ್ಯಾಯ ಮಾಡುತ್ತದೆ. ಬೆರಳು ಮಣ್ಣಿಗೆ ಇಳಿಸಿ ನೋಡುವುದು, ಕುಂಡ ಎತ್ತಿ ತೂಕ ನೋಡುವುದು, ಸತ್ತ ಗಿಡವನ್ನು ಕುಂಡದಿಂದ ಬೋರಲು ಹಾಕಿ ಬೇರು ನೋಡುವುದು, ಇವನ್ನು ತೋರಿಸಲಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಬೇರು ಚೆನ್ನಾಗಿದೆ. ಕಂದಾಗಿ, ಹಿಡಿದರೆ ಸಿಪ್ಪೆ ಕಳಚಿ ಬಂದು, ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ. ಪುಸ್ತಕದಲ್ಲಿ ಇದನ್ನು ಒಂದು ಪುಟ ಬರೆದರೂ ಅರ್ಥವಾಗುವುದು ಕಷ್ಟ. ಟಿವಿಯಲ್ಲಿ ಅರ್ಧ ನಿಮಿಷ ಸಾಕು.

ಕನ್ನಡದ ಟಿವಿಗೆ ಕೃಷಿ ಕಾರ್ಯಕ್ರಮ ಹೊಸದಲ್ಲ. ದೂರದರ್ಶನದ 'ಕೃಷಿ ದರ್ಶನ' 1967ರಲ್ಲೇ ದೆಹಲಿಯಲ್ಲಿ ಶುರುವಾಯಿತು. ಚಂದನದಲ್ಲಿ ರೈತರಿಗಾಗಿ ವಿಜ್ಞಾನಿಗಳು ಬಂದು ಮಾತಾಡುವುದನ್ನು ನೋಡಿಕೊಂಡೇ ನಮ್ಮ ತಲೆಮಾರು ಬೆಳೆಯಿತು. ಅವರು ಹೇಳುತ್ತಿದ್ದುದು ಹೆಕ್ಟೇರಿನ ಲೆಕ್ಕದಲ್ಲಿ. ಹೊಲ ಇದ್ದವರಿಗೆ ಅದು ಸರಿ. ಆರು ಕುಂಡ ಇದ್ದವರಿಗೆ 'ಹೆಕ್ಟೇರಿಗೆ ಇಷ್ಟು ಕಿಲೋ ಸಾರಜನಕ' ಯಾವ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಅನ್ನುವ ತಳಿ ತಂದಿದ್ದಾರೆ. ಎಲೆ ಮುದುಡುವ ನಂಜು, ಸೊರಗು ರೋಗ, ಎಲೆ ಅಂಗಮಾರಿ, ಮೂರನ್ನೂ ತಡೆಯುತ್ತದೆ. ಚೆನ್ನಾಗಿ ಬಿಸಿಲು ಬೀಳುವ ಬಾಲ್ಕನಿಯ ಹೊಸಬರಿಗೆ ಇಂಥ ತಳಿಯೇ ಬೇಕು, ಯಾಕೆಂದರೆ ಮೊದಲ ಬೆಳೆ ರೋಗಕ್ಕೆ ಹೋದರೆ ಎರಡನೆಯದನ್ನು ಅವರು ಹಾಕುವುದೇ ಇಲ್ಲ. ಆದರೆ ಈ ಸುದ್ದಿ ರೈತರ ಕಾರ್ಯಕ್ರಮದಲ್ಲಿ ಬಂದು ಹೋಗುತ್ತದೆ. ಬಾಲ್ಕನಿಯವರು ಅದನ್ನು ನೋಡುವುದಿಲ್ಲ.

ಅವರು ನೋಡುವುದು ಮೊಬೈಲಿನಲ್ಲಿ ಬರುವುದನ್ನು. ಅದರಲ್ಲಿ ಒಂದು ಭಾಗ ಇಂಗ್ಲೆಂಡಿನದು, ಒಂದು ಭಾಗ ದೆಹಲಿ ಕಡೆಯದು. ಹಿಮ ಬೀಳುವ ಊರಿನ ಪಂಚಾಂಗ ಹಿಡಿದು ಇಲ್ಲಿ ಬೀಜ ಹಾಕಿದರೆ ಆಗುತ್ತದೆಯೇ? ನಮ್ಮ ರಾಜ್ಯದೊಳಗೇ ಒಂದು ಪಂಚಾಂಗ ಸಾಲದು. ಬೆಂಗಳೂರಲ್ಲಿ ಹೆಚ್ಚುಕಡಿಮೆ ವರ್ಷಪೂರ್ತಿ ಏನಾದರೂ ಬಿತ್ತಬಹುದು. ಮಂಗಳೂರಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಜೂನ್ ಜುಲೈನಲ್ಲಿ ಸೊಪ್ಪಿನ ಮಡಿ ಕೊಚ್ಚಿಯೇ ಹೋಗುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದಾಗ ತಾರಸಿಯ ಮೇಲಿನ ಕಪ್ಪು ಗ್ರೋ ಬ್ಯಾಗಿನಲ್ಲಿ ಬೇರು ಬೇಯುತ್ತದೆ. ಕನ್ನಡದಲ್ಲಿ ಕೈತೋಟದ ಕಾರ್ಯಕ್ರಮ ಮಾಡುವವರು ಈ ಮೂರು ಊರಿನಲ್ಲಿ ಒಂದೊಂದು ಸಣ್ಣ ತೋಟ ಇಟ್ಟುಕೊಳ್ಳಬೇಕು. ಒಂದು ಬಾಲ್ಕನಿ, ಒಂದು ತಾರಸಿ, ಒಂದು ಹಿತ್ತಲು. ಒಂದು ವರ್ಷ ಅದೇ ಜಾಗ, ಅದೇ ಗಿಡ, ಅದೇ ಮನೆಯವರು.

ಶುರು ಮಾಡುವುದಾದರೆ ಮೆಂತ್ಯ, ಕೊತ್ತಂಬರಿಯಿಂದ ಮಾಡಲಿ. ಅಡುಗೆಮನೆಯ ಡಬ್ಬದಲ್ಲಿರುವ ಮೆಂತ್ಯವನ್ನೇ ಬಿತ್ತಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ, ಮೂರು ವಾರ ಕಳೆದರೆ ಸೊಪ್ಪು. ಧನಿಯಾವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ವಾರ ಹತ್ತು ದಿನ ಕಾಯಬೇಕು. ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಅದನ್ನೂ ಮುಚ್ಚಿಡದೆ ತೋರಿಸಲಿ. ಸೊಪ್ಪು ಒಮ್ಮೆ ಕೈಗೆ ಬಂದ ಮೇಲೆ ಬೆಂಡೆ, ಮೆಣಸಿನಕಾಯಿ. ಕರಿಬೇವಿನ ಸಸಿ ಮೊದಲ ದಿನವೇ ನೆಟ್ಟಿರಲಿ, ಆದರೆ ವರ್ಷದ ಕೊನೆಗೂ ಅದು ಮೊಣಕಾಲೆತ್ತರ ಬಂದಿರದಿದ್ದರೆ ನರ್ಸರಿಯಿಂದ ದೊಡ್ಡದು ತಂದು ಬದಲಿಸುವುದು ಬೇಡ. ಹಿಟ್ಟು ತಿಗಣೆ ದಾಸವಾಳಕ್ಕೆ ಬಂದೇ ಬರುತ್ತದೆ. ಬಂದ ದಿನ ಕ್ಯಾಮೆರಾ ಆ ಕಡೆ ತಿರುಗಲಿ.

ಕೊನೆಯದಾಗಿ ಪ್ರಾಯೋಜಕರ ವಿಷಯ. ಅಂಗಡಿಯವರು ಏನು ಹೇಳಿದರೂ ನಂಬಿ ಕೊಳ್ಳುವವರು ಹೊಸಬರೇ. 'ಗಾರ್ಡನರ್ಸ್ ವರ್ಲ್ಡ್' ನಡೆಸಿಕೊಡುತ್ತಿದ್ದ ಪರ್ಸಿ ಥ್ರೋವರ್ ಅಲ್ಲಿ ಮನೆಮಾತಾಗಿದ್ದವರು. ಐಸಿಐ ಕಂಪನಿಯ ತೋಟದ ಸರಕಿನ ಜಾಹೀರಾತಿಗೆ ಅವರು ಒಪ್ಪಿಕೊಂಡಾಗ, 1976ರಲ್ಲಿ ಬಿಬಿಸಿ ಅವರನ್ನು ಕೈಬಿಟ್ಟಿತು. ಅಷ್ಟು ಕಟ್ಟುನಿಟ್ಟು ನಮ್ಮ ಖಾಸಗಿ ಚಾನೆಲ್‌ಗಳಿಗೆ ಆಗದು, ಜಾಹೀರಾತಿಲ್ಲದೆ ಅವು ನಡೆಯುವುದಿಲ್ಲ. ಆದರೆ ಜಾಹೀರಾತು ಜಾಹೀರಾತಿನ ಹೊತ್ತಿನಲ್ಲಿ ಬರಲಿ, ಹೇಳಿಕೊಡುವವರ ಬಾಯಲ್ಲಿ ಬೇಡ. ಎಲೆ ಹಳದಿಯಾಯಿತು ಅಂತ ಒಬ್ಬರು ಫೋನಿನಲ್ಲಿ ಕೇಳಿದಾಗ, ಇಂಥ ಬಾಟಲಿಯ ದ್ರಾವಣ ಸಿಂಪಡಿಸಿ ಅನ್ನುವ ಮೊದಲು, ಕುಂಡದ ತಳದಲ್ಲಿ ತೂತು ಇದೆಯಾ ಅಂತ ಕೇಳುವವರು ಆ ಕುರ್ಚಿಯಲ್ಲಿ ಕೂತಿರಬೇಕು.