ಐಸಿಯುನಲ್ಲಿ ಕಣ್ಣು ಮುಚ್ಚಿದವರೆಲ್ಲ ನಿದ್ದೆ ಮಾಡುತ್ತಿಲ್ಲ

ಐಸಿಯು ರೋಗಿ 24 ಗಂಟೆಯಲ್ಲಿ ಒಟ್ಟು ಏಳೆಂಟು ಗಂಟೆ ನಿದ್ದೆ ಮಾಡಿರಬಹುದು. ಲೆಕ್ಕಕ್ಕೇನೋ ಸರಿ. ಆದರೆ ಅದರಲ್ಲಿ ಅರ್ಧದಷ್ಟು ಹಗಲು ನಿದ್ದೆ, ಅದೂ ತುಂಡುತುಂಡಾಗಿ. ಮಿದುಳಿನ ಅಲೆಗಳನ್ನು ದಾಖಲಿಸಿ ನೋಡಿದರೆ ಮೇಲುನಿದ್ದೆಯೇ ಹೆಚ್ಚು. ಗಾಢನಿದ್ದೆ ಮತ್ತು ಕನಸಿನ ರೆಮ್ ಹಂತ ತೀರಾ ಕಡಿಮೆ. ಮಿಡಜೊಲಾಮ್, ಪ್ರೊಪೊಫಾಲ್‌ನಂಥ ಮಂಪರು ಔಷಧ ಕೊಟ್ಟು ಮಲಗಿಸಿದರೂ ಈ ಕೊರತೆ ನೀಗುವುದಿಲ್ಲ. ಮಂಪರು ಬೇರೆ, ನಿದ್ದೆ ಬೇರೆ.

ಎಲ್ಲರೂ ದೂರುವುದು ಸದ್ದನ್ನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರ್ಡಿನಲ್ಲಿ ರಾತ್ರಿ ಸದ್ದು 30 ಡೆಸಿಬೆಲ್ ಮೀರಬಾರದು. ಐಸಿಯುನಲ್ಲಿ ಅದು 50ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಆದರೂ ಎಚ್ಚರವಾಗುವುದಕ್ಕೆ ಬಹುಪಾಲು ಕಾರಣ ಸದ್ದಲ್ಲ.

ವೆಂಟಿಲೇಟರನ್ನೇ ನೋಡಿ. ಪ್ರೆಷರ್ ಸಪೋರ್ಟ್ ವಿಧಾನದಲ್ಲಿ ರೋಗಿ ಉಸಿರೆಳೆದಾಗ ಮಾತ್ರ ಯಂತ್ರ ನೆರವಾಗುತ್ತದೆ. ಎಚ್ಚರವಿದ್ದಾಗ ಹೊಂದಿಸಿದ ಒತ್ತಡ ನಿದ್ದೆ ಹತ್ತಿದ ಮೇಲೆ ಅತಿಯಾಗಬಹುದು. ಆಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರಾಡು ಎಂಬ ಸೂಚನೆಯನ್ನೇ ಮಿದುಳು ನಿಲ್ಲಿಸುತ್ತದೆ. ಉಸಿರು ನಿಂತಿತು, ಅಲಾರಾಂ ಕೂಗಿತು, ರೋಗಿ ಎದ್ದ. ಮತ್ತೆ ಕಣ್ಣು ಹತ್ತಿದರೆ ಮತ್ತೆ ಅದೇ ಪಾಡು. ರಾತ್ರಿ ಅಸಿಸ್ಟ್-ಕಂಟ್ರೋಲ್ ವಿಧಾನಕ್ಕೆ (ರೋಗಿ ಉಸಿರೆಳೆಯದಿದ್ದರೂ ಯಂತ್ರವೇ ಉಸಿರು ಕೊಡುತ್ತದೆ) ಬದಲಿಸಿ ಎಂದು ಅಮೆರಿಕದ ತೀವ್ರನಿಗಾ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿದ್ದು ಇದಕ್ಕೇ.

ಇನ್ನೊಂದು ಕಾರಣ ಐಸಿಯು ಸಿಬ್ಬಂದಿಯಾದ ನಮ್ಮ ಕೈಗಳೇ. ಮೈ ಒರೆಸುವುದು, ರಕ್ತ ತೆಗೆಯುವುದು, ಎಕ್ಸ್‌ರೇ: ಶಿಫ್ಟ್ ಮುಗಿಯುವುದರೊಳಗೆ ಆಗಲೆಂದು ಇವೆಲ್ಲ ಬೆಳಗಿನ ಜಾವಕ್ಕೆ ಬೀಳುತ್ತವೆ. ಸ್ಥಿರವಾಗಿರುವ ರೋಗಿಗಾದರೂ ರಾತ್ರಿ 12ರಿಂದ 5ರವರೆಗೆ ಬಿಡುವು ಕೊಡಬಹುದು. ಔಷಧ ಮುಗಿಯುತ್ತಾ ಬಂದ ಸಿರಿಂಜ್ ಪಂಪನ್ನು (ಔಷಧವನ್ನು ನಿಧಾನವಾಗಿ ಹರಿಸುವ ಯಂತ್ರ) 11ಕ್ಕೇ ತುಂಬಿಸಿಡಿ. ಮೂತ್ರ ಹೆಚ್ಚಿಸುವ ಔಷಧ ಬೆಳಿಗ್ಗೆಗಿರಲಿ. ಒಣಗಿದ ಇಸಿಜಿ ಎಲೆಕ್ಟ್ರೋಡುಗಳಿಂದ ಸುಳ್ಳು ಅಲಾರಾಂ ಬರುತ್ತದೆ. ದಿನಕ್ಕೊಮ್ಮೆ ಚರ್ಮ ಒರೆಸಿ, ಒಣಗಿಸಿ, ಹೊಸದು ಅಂಟಿಸಬೇಕು.

ಫೋಮ್ ಇಯರ್‌ಪ್ಲಗ್ ಅಗ್ಗದ ಉಪಾಯ, ಆದರೆ ಹಾಕುವ ಕ್ರಮ ತಪ್ಪಿದರೆ ವ್ಯರ್ಥ. ಬೆರಳಲ್ಲಿ ಹೊಸೆದು ಸಣ್ಣದಾಗಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಬೇಕು. ಕಣ್ಪಟ್ಟಿಯನ್ನು ಒಪ್ಪಿದವರಿಗೆ, ತಾವೇ ತೆಗೆಯಬಲ್ಲವರಿಗೆ ಮಾತ್ರ ಹಾಕಿ. ಸನ್ನಿಯಲ್ಲಿರುವವರಿಗೆ ಅದರಿಂದ ಗಾಬರಿ ಹೆಚ್ಚಾದೀತು.

ರಾತ್ರಿ ನಿದ್ದೆ ಬರಬೇಕಾದರೆ ಹಗಲು ಎಚ್ಚರವಿರಬೇಕು. ಆ ಕೆಲಸವನ್ನು ಮನೆಯವರೂ ಮಾಡಬಹುದು: ಪರದೆ ಸರಿಸುವುದು, ಕನ್ನಡಕ ಮತ್ತು ಶ್ರವಣಯಂತ್ರ ತಂದುಕೊಡುವುದು, ಸಿಬ್ಬಂದಿ ಒಪ್ಪಿದರೆ ಕೂರಿಸಿ ಮಾತಾಡಿಸುವುದು. ಡಿಸ್ಚಾರ್ಜ್ ದಿನ ಔಷಧಿ ಚೀಟಿಯನ್ನೂ ನೋಡಿ. ಐಸಿಯುನಲ್ಲಿ ಶುರುವಾದ ನಿದ್ದೆ ಮಾತ್ರೆ ಅದರಲ್ಲಿ ಹಾಗೇ ಉಳಿದಿದ್ದರೆ, ಯಾವಾಗ, ಹೇಗೆ ನಿಲ್ಲಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ.